ನೆರೂಲಿನಿಂದ ಬಾರದ ಉತ್ತರ

ನಮ್ಮ ಕನ್ನಡ ಸಂಘದ ವಧೂವರ ವಿಭಾಗದಲ್ಲಿ ಯಾರೂ ಬರೆದಿಡದ ಒಂದು ನಿಯಮವಿತ್ತು. ಹುಡುಗ ಹುಡುಗಿ ನೋಡಿ ಮಾತಾಡಿದ ಮೇಲೆ ಒಪ್ಪಿಗೆಯಿದ್ದರೆ ಸಂಘಕ್ಕೆ ಮೇಲ್ ಮಾಡಬೇಕು. ಎರಡೂ ಕಡೆಯ ಒಪ್ಪಿಗೆ ಬಂದ ಮೇಲಷ್ಟೇ ಸಂಘ ಎರಡೂ ಮನೆಗೆ ತಿಳಿಸುತ್ತದೆ. ಒಪ್ಪಿಗೆಯಿಲ್ಲದಿದ್ದರೆ ಸುಮ್ಮನಿದ್ದರಾಯಿತು. ‘ಬೇಡ’ ಎಂದು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಮುಂದೆ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೋ ಯಾರದೋ ಸತ್ಯನಾರಾಯಣ ಪೂಜೆಯಲ್ಲೋ ಎದುರಾದರೆ ಎರಡೂ ಮನೆಯವರು ಮುಜುಗರವಿಲ್ಲದೆ ನಗಬಹುದಿತ್ತು.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವವನು ಎಂಬ ಒಂದೇ ಕಾರಣಕ್ಕೆ ಸಂಘದ ಮೇಲ್ ನನ್ನ ಪಾಲಿಗೆ ಬಂದಿತ್ತು. ಒಬ್ಬ ಹುಡುಗನ ಬಯೋಡೇಟಾ ಅವನ ತಂದೆಯಿಂದ, ಸೋದರಮಾವನಿಂದ, ಕಲ್ಯಾಣದ ಚಿಕ್ಕಪ್ಪನಿಂದ, ಚಿಕ್ಕಪ್ಪ ದುಡಿಯುವ ಹೋಟೆಲಿನ ಧಣಿಗಳಿಂದ ಬೇರೆಬೇರೆಯಾಗಿ ಬರುತ್ತಿತ್ತು. ಮೇಲ್ ತಲುಪುತ್ತದೆ ಎಂಬ ನಂಬಿಕೆ ಯಾರಿಗೂ ಇಲ್ಲವಾದ್ದರಿಂದ ಎಲ್ಲರೂ ಎರಡೆರಡು ಸಲ ಕಳಿಸುತ್ತಿದ್ದರು. ಜೊತೆಗೆ ಸ್ಟುಡಿಯೋದಲ್ಲಿ ತೆಗೆಸಿದ ಭಾರೀ ಫೋಟೋಗಳು, ಸ್ಕ್ಯಾನ್ ಮಾಡಿಸಿದ ಜಾತಕ. ಅಚ್ಚಾಗುವ ತನಕ ಯಾವ ಪ್ರತಿಯನ್ನೂ ಎಸೆಯಬಾರದು ಎಂಬುದು ಡೆಸ್ಕಿನ ಶಿಸ್ತು. ಅದೇ ಶಿಸ್ತಿನಲ್ಲಿ, ಮದುವೆಯಾಗುವ ತನಕ ನಾನು ಯಾರದ್ದನ್ನೂ ಅಳಿಸುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕಿನ ನಡುವೆಯೂ ರೈಲು ಹಿಡಿದು, ವರ್ತಕ ನಗರದ ಹುಡುಗಿಯೊಬ್ಬಳು ಡೊಂಬಿವಲಿಯ ನಮ್ಮ ಮನೆಗೆ ಬಂದಳು. ಬ್ಯಾಂಕಿನಲ್ಲಿ ಕೆಲಸ. ಕಲ್ಯಾಣದಲ್ಲಿ ಸಂಘ ನಡೆಸಿದ ವಧೂವರ ಮೇಳದಲ್ಲಿ ನೆರೂಲಿನ ಹುಡುಗನೊಬ್ಬನ ಜೊತೆ ಮಾತಾಡಿದ್ದಳು. ಅವಳ ಮನೆಯ ಒಪ್ಪಿಗೆ ನಮಗೆ ಆಗಲೇ ತಲುಪಿತ್ತು. ನೆರೂಲಿನಿಂದ ಏನೂ ಬಂದಿರಲಿಲ್ಲ. ವಿಭಾಗ ನೋಡಿಕೊಳ್ಳುತ್ತಿದ್ದ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಹಿರಿಯರೂ ಆಗ ನಮ್ಮಲ್ಲೇ ಚಹಾ ಕುಡಿಯುತ್ತಿದ್ದರು.

“ಅಂಕಲ್, ನಿನ್ನೆ ಸಂಘಕ್ಕೆ ಮೇಲ್ ಮಾಡಿದೆ, ಬೌನ್ಸ್ ಆಯ್ತು. ನಿಮ್ಮ ಬಾಕ್ಸ್ ಫುಲ್ ಅಂತೆ,” ಎಂದಳು. “ನಂದು ವಾಪಸ್ ಬಂತು ಅಂದ್ರೆ ಅವರದ್ದೂ ಬಂದಿರಬಹುದಲ್ವಾ?”

ಕಂಪ್ಯೂಟರ್ ತೆರೆದೆ. ಮೇಲ್‌ಬಾಕ್ಸಿನ ನೆತ್ತಿಯ ಮೇಲೆ, ಜಾಗ ಸಾಲದು ಎಂದು ಎಚ್ಚರಿಸುವ ಕೆಂಪು ಗೆರೆ. ಎಷ್ಟೋ ದಿನಗಳಿಂದ ಅದು ಅಲ್ಲೇ ಇತ್ತು; ಜಾಹೀರಾತಿನಂತೆ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಿದ್ದೆ. ಮೌನವೆಂದರೆ ಬೇಡ ಎಂದುಕೊಳ್ಳುವ ಜನರ ನಡುವೆ, ತುಂಬಿ ಬಾಯಿ ಮುಚ್ಚಿದ ಈ ಪೆಟ್ಟಿಗೆ ಎಷ್ಟು ಮನೆಗಳ ಪರವಾಗಿ ‘ಬೇಡ’ ಎಂದಿತ್ತೋ!

“ಇವತ್ತು ಸಂಜೆ ಘೋಡಬಂದರ್ ರಸ್ತೆಯ ಹುಡುಗನ ಮನೆಯವರು ಬರ್ತಿದ್ದಾರೆ. ಪಪ್ಪಾ ಅವರಿಗೆ ಮಾತು ಕೊಡ್ತಾರೆ,” ಎಂದಳು ಹುಡುಗಿ.

“ನಿಂಗೆ ಆ ನೆರೂಲಿನವನೇ ಆಗ್ಬೇಕಾ?” ಅಕ್ಕ ಕೆಣಕಿದರು. “ನಂಬರಾದ್ರೂ ತಕೊಳ್ಬಾರದಿತ್ತಾ ಮಾರಾಯ್ತಿ?”

“ಆಂಟಿ, ನೀವೇ ಮೈಕಲ್ಲಿ ಹೇಳಿದ್ರಿ, ನಂಬರ್ ಕೊಡ್ಬೇಡಿ, ಸಬ್ ಕುಛ್ ಸಂಘದ ಥ್ರೂ ಅಂತ!”

ಅಕ್ಕ ಚಹಾದ ಲೋಟ ಬಾಯಿಗೆ ಹಿಡಿದೇ ನಕ್ಕರು. ಬಯೋಡೇಟಾದಲ್ಲಿ ನಂಬರ್ ಇರುತ್ತದೆ, ಫೋನ್ ಮಾಡಿಬಿಡೋಣವೇ ಎಂದು ಕೇಳಿದೆ. ಅಕ್ಕ ಕೂಡಲೇ ಅಡ್ಡ ತಲೆಯಾಡಿಸಿದರು. “ಬೇಡಪ್ಪ. ನಾವಾಗಿ ಕೇಳಿದ್ರೆ ಹೆಣ್ಣಿನ ಕಡೆಯವರು ದುಂಬಾಲು ಬಿದ್ದ ಹಾಗೆ ಆಗ್ತದೆ.”

ಹಾಗಿದ್ದರೆ ಉಳಿದದ್ದು ಪೆಟ್ಟಿಗೆಯನ್ನು ಖಾಲಿ ಮಾಡುವುದೊಂದೇ; ರಾಶಿಯಡಿ ಉತ್ತರವಿದ್ದರೆ ಸಿಗುತ್ತದೆ, ಇಲ್ಲದಿದ್ದರೆ ಹೊಸದಕ್ಕೆ ಜಾಗವಾಗುತ್ತದೆ. ಡೆಡ್‌ಲೈನ್ ಹತ್ತಿರ ಬಂದಾಗ ಡೆಸ್ಕಿನಲ್ಲಿ ಏರುವ ಬಿಸಿ ಮೈಗೆ ಹತ್ತಿತು. ದೊಡ್ಡ ಗಾತ್ರದ ಮೇಲ್‌ಗಳನ್ನು ಮೊದಲು ಹಿಡಿದೆ. ಒಬ್ಬರಿಗೆ ಒಂದೇ ಬಯೋಡೇಟಾ, ಒಂದೇ ಫೋಟೋ. ಚಿಕ್ಕಪ್ಪ, ಧಣಿಗಳು ಕಳಿಸಿದ್ದೆಲ್ಲ ಹೊರಗೆ. ಒಮ್ಮೆ ತೆರೆದ ಮೇಲ್ ಉಳಿಯಬೇಕು ಅಥವಾ ಹೋಗಬೇಕು, ಆಮೇಲೆ ನೋಡೋಣ ಎಂಬುದಿಲ್ಲ. ಹುಡುಗಿ ಪಕ್ಕದಲ್ಲಿ ಕುಳಿತು ಹೆಸರು ಓದುತ್ತಿದ್ದಳು, ಅಕ್ಕ ತೀರ್ಪು ಕೊಡುತ್ತಿದ್ದರು.

“ಇವನಿಗೆ ಮದುವೆಯಾಗಿ ಮಗು ಶಾಲೆಗೆ ಹೋಗ್ತದೆ, ತೆಗಿ. ಅಯ್ಯೋ, ಜಾತಕ ಅಳಿಸ್ಬೇಡ, ಅಪಶಕುನ!”

“ಆಂಟಿ, ಇದೇ ಜಾತಕ ಇನ್ನೂ ಮೂರು ಕಡೆ ಇದೆ.”

“ಹಾಗಾದ್ರೆ ಶಕುನ ಉಂಟು. ಅಳಿಸು.”

ಪುಟದ ಮೇಲೆ ಪುಟ ಕರಗಿತು. ಆದರೆ ಕೆಂಪು ಗೆರೆ ಕದಲಲಿಲ್ಲ. “ಟ್ರ್ಯಾಶ್, ಅಂಕಲ್! ಟ್ರ್ಯಾಶ್ ಖಾಲಿ ಮಾಡಿ!” ಎಂದು ಅವಳು ಕೂಗಿದಳು. ಮಾಡಿದೆ. ಗೆರೆ ಮಾಯವಾಯಿತು. ಮೂವರೂ ಪಂದ್ಯ ಗೆದ್ದವರಂತೆ ಚಪ್ಪಾಳೆ ತಟ್ಟಿದೆವು.

ಉಳಿದ ಮೇಲ್‌ಗಳಲ್ಲಿ ನೆರೂಲಿನ ಉತ್ತರ ಇರಲಿಲ್ಲ. ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಎಲ್ಲ ಸದಸ್ಯರಿಗೂ ಒಂದೇ ಮೇಲ್ ಬರೆದೆ: ನಮ್ಮ ಪೆಟ್ಟಿಗೆ ತುಂಬಿತ್ತು, ಈಚೆಗೆ ಕಳಿಸಿದ ಉತ್ತರಗಳನ್ನು ದಯವಿಟ್ಟು ಈಗಲೇ ಮತ್ತೆ ಕಳಿಸಿ, ನಮ್ಮ ಮೌನವನ್ನು ಉತ್ತರವೆಂದು ತಿಳಿಯಬೇಡಿ. ಎಲ್ಲರಿಗೂ ಹೋದದ್ದರಿಂದ ಯಾರೂ ಯಾರ ದುಂಬಾಲೂ ಬಿದ್ದಂತಾಗಲಿಲ್ಲ. ಅಕ್ಕನಿಗೆ ಅದು ಬಹಳ ಹಿಡಿಸಿತು.

ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಉತ್ತರಗಳು ಬೀಳತೊಡಗಿದವು. ಅಂಬರನಾಥದಿಂದ ಒಂದು, ಕಲ್ಯಾಣದಿಂದ ಒಂದು. ಮೂರು ಗಂಟೆ ದಾಟಿದ ಮೇಲೆ ನೆರೂಲಿನದು: ಹುಡುಗನ ಸೋದರಮಾವ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. ನಮ್ಮ ಹುಡುಗನಿಗೆ ಪೂರ್ತಿ ಒಪ್ಪಿಗೆ, ಆವತ್ತೇ ಬರೆದಿದ್ದೆ. ಕೂಡಲೇ ಇಂಗ್ಲಿಷಿನಲ್ಲಿ ಉದ್ದನೆಯ ಮೇಲ್ ಬಂತು, ಸಂಘದ ರಸೀದಿ ಎಂದು ತಿಳಿದು ಜೋಪಾನವಾಗಿ ಇಟ್ಟಿದ್ದೇನೆ. ನಿಮ್ಮ ಕಡೆಯಿಂದ ಸುದ್ದಿಯಿಲ್ಲದ್ದಕ್ಕೆ ಹುಡುಗಿಗೆ ಬೇಡವೇನೋ ಎಂದುಕೊಂಡೆವು.

ಅವಳು ಪರದೆಯ ಮೇಲೆ ಬೆರಳಿಟ್ಟು ಓದಿದಳು. ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ನಕ್ಕಳು.

ಅಕ್ಕ ಆಗಲೇ ಅವಳ ತಂದೆಗೆ ಫೋನ್ ಹಚ್ಚಿದ್ದರು. “ನೆರೂಲಿನಿಂದ ಒಪ್ಪಿಗೆ ಬಂತು ಮಾರಾಯ್ರೆ!”

ತಂದೆಯ ಸಂತೋಷ ಫೋನಿನಾಚೆಗೂ ಕೇಳಿಸಿತು. ಕೂಡಲೇ ಗಾಬರಿ: “ಅಲ್ಲ ಅಕ್ಕ, ಸಂಜೆ ಬರುವವರಿಗೆ ಎಂತ ಹೇಳುವುದು?”

“ಎಂತದೂ ಹೇಳ್ಬೇಡಿ. ಸುಮ್ಮನಿರಿ.”

“ಮನೆಗೇ ಬರ್ತಾರಲ್ಲ, ಎದುರು ಕೂತು ಸುಮ್ಮನಿರುವುದು ಹೇಗೆ?”

ಅಕ್ಕ ನನ್ನ ಮುಖ ನೋಡಿದರು. ಘೋಡಬಂದರ್ ರಸ್ತೆಯವರಿಗೆ ನಾನೇ ಎರಡು ಸಾಲು ಬರೆದೆ: ಬೇರೆ ಕಡೆ ನಿಶ್ಚಯವಾಗಿದೆ, ತೊಂದರೆಗೆ ಕ್ಷಮಿಸಿ. ನನಗೆ ತಿಳಿದ ಮಟ್ಟಿಗೆ ಅದು ನಮ್ಮ ಸಂಘ ಬರೆದು ಹೇಳಿದ ಮೊದಲ ‘ಬೇಡ’. ಅವರು ಹೊರಡುವ ಮುನ್ನ ನೋಡಲಿ ಎಂದು ಫೋನ್ ಕೂಡ ಮಾಡಿದೆ.

ಅವರು ಬೇಸರಪಡಲಿಲ್ಲ. ಪ್ರಯಾಣ ಉಳಿಸಿದ್ದಕ್ಕೆ ಧನ್ಯವಾದ, ಬೇರೆ ಹುಡುಗಿಯರಿದ್ದರೆ ತಿಳಿಸಿ ಎಂದು ಮೇಲ್ ಮಾಡಿದರು. ಜೊತೆಗೆ ಮಗನ ಫೋಟೋಗಳನ್ನೂ ಜಾತಕವನ್ನೂ ಮತ್ತೊಮ್ಮೆ ಲಗತ್ತಿಸಿದ್ದರು. ಐದು ನಿಮಿಷದ ಬಳಿಕ, ತಲುಪದಿದ್ದರೆ ಇರಲಿ ಎಂದು, ಇನ್ನೊಮ್ಮೆ.