ಮುಂದಿನಾಕಿಯ ಉಪ್ಪು

ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ. ಇವತ್ತು ಬೆಳಿಗ್ಗೆ ಆಯಿಯ ಭರಣಿಯ ಉಪ್ಪನ್ನು ಹಂಚಿಗೆ ಸುರಿದು ಹುರಿಯುತ್ತ ನಿಂತೆ. ಹರಳು ಚಟಚಟ ಸಿಡಿಯುತ್ತಿದ್ದಂತೆ ಪುಣೆಯ ಹಡಪಸರದ ಆ ಹದಿನಾರು ಕೋಣೆಗಳ ಸಾಲು ನೆನಪಾಯಿತು. ಹದಿನಾರೇ ಎಂದು ಖಚಿತವಾಗಿ ಹೇಳಬಲ್ಲೆ. ಎಲ್ಲವನ್ನೂ ಎಣಿಸಿ ದಿನಚರಿಯಲ್ಲಿ ಬರೆದಿಡುವುದು ನನ್ನ ಚಟ. "ಬರಿ, ಬರಿ. ನಾ ಎಷ್ಟ ಸಲ ಕೆಮ್ಮಿದೆ ಅದನೂ ಬರಿ," ಎಂದು ಆಯಿ ನಗುತ್ತಿದ್ದಳು.

ಆಯಿ ಎಂದರೆ ನನ್ನ ತಂದೆಯ ತಾಯಿ. ಕಲಬುರಗಿ ಕಡೆಯಿಂದ ಬಂದು, ಪುಣೆಯ ಬೀದಿಗಳನ್ನು ಗುಡಿಸಿ ನಿವೃತ್ತಳಾದವಳು. ಅಂಥವರಿಗೆಂದೇ ಪಾಲಿಕೆ ಆ ಕೋಣೆಗಳನ್ನು ಕಟ್ಟಿಸಿತ್ತು. ಇರುವಷ್ಟು ಕಾಲ ಸಣ್ಣ ಬಾಡಿಗೆ. ಹೋದ ಮೇಲೆ ಕೋಣೆ ಮಕ್ಕಳಿಗಲ್ಲ, ಸರದಿಯಲ್ಲಿ ಕಾಯುತ್ತಿರುವವರಿಗೆ. ಆಯಿ ಬೀಗ ತೆಗೆದ ದಿನ ಗೋಡೆಯ ಗೂಡಿನಲ್ಲಿ ಭರಣಿ ತುಂಬ ಉಪ್ಪಿತ್ತಂತೆ. ಅವಳು ಎಂದೂ ನೋಡಿರದ ಹಳಬಳು ಬಿಟ್ಟುಹೋದದ್ದು. ಆ ಸಾಲಿನ ರೂಢಿಯೇ ಹಾಗೆ: ಹೊಸಬಳ ಮೊದಲ ಅಡುಗೆ ಹಳಬಳ ಉಪ್ಪಿನಲ್ಲಿ. ಆಮೇಲೆ ಭರಣಿಯನ್ನು ಮತ್ತೆ ತುಂಬಿಡಬೇಕು, ಮುಟ್ಟಬಾರದು. ಅದು ಮುಂದಿನಾಕಿಯದು.

ಆ ಮುಂದಿನಾಕಿ ಯಾರೆಂದೂ ನಮಗೆ ಗೊತ್ತಿತ್ತು. ಮಹಾದೇವಿ, ಅವಳೂ ಕಸಬರಿಗೆ ಹಿಡಿದೇ ನಿವೃತ್ತಳಾದವಳು, ತಮ್ಮನ ಮನೆಯ ಮೆಟ್ಟಿಲ ಕೆಳಗೆ ಮಲಗುತ್ತಿದ್ದಳು. ಸರದಿಯಲ್ಲಿ ಮೊದಲ ಹೆಸರು ಅವಳದು. ಆಗಾಗ ಬರುತ್ತಿದ್ದಳು.

"ಇನ್ನಾ ಸತ್ತಿಲ್ಲೇನ ಅಂತ ನೋಡ್ಲಿಕ್ಕ ಬಂದಿ?" ಎನ್ನುವಳು ಆಯಿ.

"ಛೇ, ಏನ್ ಮಾತ್ರಿ ಅಕ್ಕಾ! ಚಾ ಕುಡೀಲಿಕ್ಕ ಬಂದೀನಿ."

"ಹಂಗಾರ ಕುಂದ್ರು. ಸಕ್ಕರಿ ಕಮ್ಮಿ ಹಾಕ್ತೀನಿ. ನನಗಿಂತ ಮೊದಲ ನೀ ಹೋಗಬಾರ್ದು ನೋಡು."

ಇಬ್ಬರೂ ಕೆಮ್ಮು ಬರುವವರೆಗೆ ನಗುತ್ತಿದ್ದರು.

ಒಂದು ಶನಿವಾರ ಅಂಗಳದಲ್ಲಿ ಶಾಮಿಯಾನ ಹಾಕಿದರು. ಪಾಲಿಕೆ ಜಾಗವನ್ನು ಬಿಲ್ಡರನಿಗೆ ಕೊಡುವುದಾಗಿ, ಅವನು ಅಲ್ಲಿ ಟವರ್ ಕಟ್ಟಿ ಸಾಲಿನವರಿಗೆ ಒಂದೊಂದು ಮನೆ ಕೊಡುವುದಾಗಿ ತಿಳಿಯಿತು. ಬಿಲ್ಡರನ ಕಡೆಯ ಹುಡುಗ ಆಯಿಯ ಕೈ ಹಿಡಿದು, "ಆಜೀ, ಆತಾ ಘರ ತುಮಚಂ ಸ್ವತಃಚಂ!" ಎಂದ. ಇನ್ನು ಮನೆ ನಿಮ್ಮ ಸ್ವಂತದ್ದು ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರನ್ನು ದೂರಲಾರೆ, ಹುಟ್ಟಿದಾಗಿನಿಂದ ಅವರಿಗೆ ಯಾರೂ ಆ ಮಾತು ಹೇಳಿರಲಿಲ್ಲ.

ಆಯಿ ಕೇಳಿದಳು: "ಮುಂದಿನಾಕಿಗಿ?"

ಹುಡುಗ ನನ್ನತ್ತ ಬೊಟ್ಟು ಮಾಡಿ ನಕ್ಕ. ಮೊಮ್ಮಗಳು ಇದ್ದಾಳಲ್ಲ, ಅವಳಿಗೆ.

"ಅಕಿಗಿ ಕೈಕಾಲು ಗಟ್ಟಿ ಅವ. ಕೈಕಾಲು ಹೋದಾಕಿಗಿ ಎಲ್ಲದ ಮನಿ?"

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆಯಿ ಮರಾಠಿಯಲ್ಲಿ ಮತ್ತೆ ಕೇಳುವಷ್ಟರಲ್ಲಿ ಒಪ್ಪಿಗೆಗೆ ಕೈ ಎತ್ತಿಸಿ ಆಗಿತ್ತು. ನಾನು ಎಣಿಸಿದೆ. ಹದಿನೈದು.

ಕೋಣೆ ಖಾಲಿ ಮಾಡುವ ದಿನ ಆಯಿ ಅಂಗಡಿಯಿಂದ ಹೊಸ ಉಪ್ಪು ತಂದು ಭರಣಿ ತುಂಬಿದಳು, ಒರೆಸಿ ಗೂಡಿನಲ್ಲಿಟ್ಟಳು.

"ಆಯಿ, ನಾಳೆ ಕೆಡವತಾರ. ಯಾರಿಗಿ ಇದು?"

"ಕೆಡವೂದು ಅವರ ಕೆಲಸ. ಇಡೂದು ನಂದು."

ಸಂಜೆ ಹಿಂದಿರುಗಿ ಹೋಗಿ ಭರಣಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಬಂದವಳು ನಾನೇ. ಟವರ್ ಏಳುವ ಮೊದಲೇ, ತಾತ್ಕಾಲಿಕ ತಗಡಿನ ಶೆಡ್ಡಿನಲ್ಲಿ ಎರಡನೆಯ ಮಳೆಗಾಲಕ್ಕೆ ಆಯಿ ಹೋದಳು. ಏಳನೆಯ ಮಹಡಿಯ ಈ ಮನೆ ನನ್ನ ಹೆಸರಿಗೆ ಬಂತು. ಸಾಲಿನವರಲ್ಲಿ ಬದುಕಿ ಇಲ್ಲಿಗೆ ಬಂದವರು ಒಂಬತ್ತು ಮಂದಿ. ಉಳಿದವರ ಮಕ್ಕಳಲ್ಲಿ ನಾಲ್ವರು ಆಗಲೇ ಮಾರಿಬಿಟ್ಟಿದ್ದಾರೆ.

ಮನೆಯನ್ನು ಹಿಂತಿರುಗಿಸೋಣವೆಂದು ಪಾಲಿಕೆಯ ಕಚೇರಿಗೂ ಹೋಗಿದ್ದೆ. ಕ್ಲರ್ಕ್ ಕನ್ನಡಕ ತೆಗೆದು ನನ್ನನ್ನು ನೋಡಿದ. ಅಂಥ ಯೋಜನೆಯೇ ಈಗ ಇಲ್ಲವಂತೆ, ಕೊಟ್ಟರೂ ತೆಗೆದುಕೊಳ್ಳುವವರಿಲ್ಲವಂತೆ. ಸರದಿಯಲ್ಲಿದ್ದವರು? ಅವನು ಭುಜ ಕುಣಿಸಿದ.

ಹೋದ ಭಾನುವಾರ ಮಹಾದೇವಿ ಬಂದಿದ್ದಳು. ನನ್ನ ಜೊತೆಗೇ ಇರೆಂದೆ. "ನಿನ್ನ ಮನಿ ಅದ ಯವ್ವಾ. ನಾಳಿ ನಿನ್ನ ಗಂಡ ಬರ್ತಾನ, ನಾ ಎಲ್ಲಿಗಿ ಹೋಗ್ಲಿ? ಆ ಸಾಲಿನ ಕೋಣಿ ಆಗಿದ್ರ ಯಾರೂ ಏಳು ಅಂತಿರಲಿಲ್ಲ," ಎಂದಳು. ಚಹಾ ಕುಡಿದು, ಏಳುವಾಗ ಭರಣಿಯ ಮುಚ್ಚಳ ಎತ್ತಿ ನೋಡಿದಳು. "ಉಪ್ಪು ನೀರೊಡದದ. ಹುರಿದಿಡು."

ಹುರಿದೆ. ಆರಿಸಿ ಭರಣಿಗೆ ತುಂಬಿದೆ. ಒಲೆಯ ಮೇಲೆ ಸಾರು ಸಪ್ಪೆ ಕುದಿಯುತ್ತಿತ್ತು. ಆ ಭರಣಿಯಿಂದಲೇ ಒಂದು ಚಿಟಿಕೆ ತೆಗೆದು ಹಾಕಿದೆ. ಮುಂದಿನಾಕಿಯ ಉಪ್ಪು. ಕೈಕಾಲು ಗಟ್ಟಿ ಇರುವ ನಾನು ಉಂಡೆ.