ಎರೆಮಣ್ಣಿಗೆ ಎಂಥ ಗಾಲಿ?

ಬೆಳಗಿನ ಚಹಾ ಹಿಡಿದು ಕಟ್ಟೆಯ ಮೇಲೆ ಕುಳಿತಾಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಚಟ ನನಗೆ ಮೊದಲಿನಿಂದಲೂ ಇದೆ. ಹಾಲಿನ ಪಾಕೀಟು, ಔಷಧದ ಡಬ್ಬಿ, ಎದುರು ಗೋಡೆಗೆ ಅಂಟಿ ಅರ್ಧ ಹರಿದ ಜಾಹೀರಾತು, ಯಾವುದನ್ನೂ ಬಿಟ್ಟವನಲ್ಲ. ಹೀಗಿದ್ದೂ ನಮ್ಮದೇ ಅಂಗಳದಲ್ಲಿ ಇಷ್ಟು ವರ್ಷ ನಿಂತ ಜೀಪಿನ ಗಾಲಿಯ ಪಕ್ಕೆಯಲ್ಲಿ ಒಂದು ಸಾಲು ಬರಹವಿದೆಯೆಂಬುದು ಹೋದ ಮಳೆಗಾಲದವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಬಂದ ಮೇಲೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಇನ್ನಷ್ಟು ಗೊಂದಲವಾಯಿತು. ಏಕೆಂದರೆ ಆ ಒಂದೇ ಸಾಲಿನಲ್ಲಿ ಅಗಲವನ್ನು ಮಿಲಿಮೀಟರಿನಲ್ಲಿ ಹೇಳಿದ್ದರು, ಎತ್ತರವನ್ನು ಅಗಲದ ಶೇಕಡಾ ಲೆಕ್ಕದಲ್ಲಿ, ಒಳಗಿನ ಉಕ್ಕಿನ ಚಕ್ರವನ್ನು ಮಾತ್ರ ಇಂಚಿನಲ್ಲಿ. ವಿಜಯಪುರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತ, ಒಂದು ಮಾತ್ರೆ ಹೆಚ್ಚಾದರೂ ಪದ್ಯ ಕುಂಟುತ್ತದೆಂದು ಹುಡುಗರಿಗೆ ಬುದ್ಧಿ ಹೇಳುತ್ತ ಬಂದ ನನಗೆ, ಮೂರು ಅಳತೆಗಳನ್ನು ಕಲಸಿದ ಈ ಸಾಲು ಜಗತ್ತನ್ನೆಲ್ಲ ಹೊತ್ತು ಉರುಳುತ್ತಿದೆಯಲ್ಲ ಎಂದು ವಿಸ್ಮಯವಾಯಿತು.

ಇನ್ನೊಂದು ಮಾತು ಈಗಲೇ ಹೇಳಿಬಿಡಬೇಕು. ನನಗೆ ಗಾಡಿ ನಡೆಸಲು ಬರುವುದಿಲ್ಲ. ಜೀಪು ನನ್ನ ಹೆಂಡತಿ ಸುಮಂಗಲಾಳದ್ದು. ಅವಳು ದನದ ಡಾಕ್ಟರು. ಬಬಲೇಶ್ವರದ ಸುತ್ತಿನ ಹಳ್ಳಿಗಳಲ್ಲಿ ಎಮ್ಮೆ ಮೇವು ಬಿಟ್ಟರೆ, ಆಕಳು ಈಯಲಾರದೆ ನರಳಿದರೆ, ಮೊದಲು ರಿಂಗಾಗುವುದು ಅವಳ ಫೋನು. ನಾನು ಅವಳ ಪಕ್ಕದ ಸೀಟಿನಲ್ಲಿ ಕುಳಿತು ದಾರಿಯ ಬೋರ್ಡುಗಳನ್ನು ಓದುವವನು. ಅಂಥವನ ಪಾಲಿಗೆ ಹೊಸ ಗಾಲಿ ಆರಿಸುವ ಕೆಲಸ ಬಂದದ್ದಕ್ಕೆ ಒಂದು ಕಾರಣವಿದೆ.

ಸಾರವಾಡದಾಚೆ ಡೋಣಿ ನದಿಯ ಬಯಲಿನಲ್ಲಿ ಶಾಂತವ್ವನೆಂಬಾಕೆಯ ತೋಟದ ಮನೆಯಿದೆ. ಅಲ್ಲಿಯ ನೆಲವೆಂದರೆ ಬರೀ ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಅದೇ ಮಣ್ಣು ಒಂದು ಮಳೆ ಬಿದ್ದರೆ ಸಾಕು, ಮೆಟ್ಟಿದವರ ಕಾಲನ್ನು ಸಾಲಗಾರನಂತೆ ಹಿಡಿದುಕೊಳ್ಳುತ್ತದೆ. ಆ ದಿನ ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತಷ್ಟೆ. ಶಾಂತವ್ವನ ಎಮ್ಮೆಯ ಗರ್ಭ ತಿರುಚಿಕೊಂಡಿದೆಯೆಂದು ಕರೆ ಬಂದಿತ್ತು. ಡಾಂಬರು ಮುಗಿದು ಹೊಲದ ಹಾದಿ ಹಿಡಿದದ್ದೇ ಜೀಪಿನ ಗಾಲಿಗಳು ಇದ್ದಲ್ಲೇ ತಿರುಗಿ ತಿರುಗಿ ಗಾಡಿಯ ಹೊಟ್ಟೆಯವರೆಗೆ ಹೂತುಹೋದವು. ಸುಮಂಗಲಾ ಚೀಲ ಹೆಗಲಿಗೇರಿಸಿ ನಡೆದೇ ಹೋದಳು. ಎಮ್ಮೆ ಉಳಿಯಿತು. ಕರು ಉಳಿಯಲಿಲ್ಲ. ಶಾಂತವ್ವ ಏನೂ ಅನ್ನದೆ ಕಾಲು ತೊಳೆಯಲು ಬಿಸಿನೀರು ತಂದಿಟ್ಟಳಂತೆ. ಸಂಜೆ ಮನೆಗೆ ಬಂದ ಸುಮಂಗಲಾ ನನಗೆ ಇಷ್ಟನ್ನೇ ಹೇಳಿ, “ದೊಡ್ಡ ಗಾಲಿ ಹಾಕ್ಸೂಣು. ನನಗ ತಿರಗ್ಯಾಡಾಕ ಆಗೂದಿಲ್ಲ, ನೀವ ನೋಡ್ರಿ” ಎಂದು ಒಳಗೆ ಹೋದಳು.

ಹಾಗೆ ನಾನು ನೋಡಲು ಹೊರಟೆ.

ಅಥಣಿ ರಸ್ತೆಯಲ್ಲಿ ಇಮಾಮಸಾಬರ ಟೈರಿನ ಅಂಗಡಿಯಿದೆ. ಅಜ್ಜನ ಕಾಲಕ್ಕೆ ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದ ಮನೆತನ ಅವರದು. ನನ್ನ ಮಾತು ಕೇಳಿ ಅವರು ಎರಡು ಟೈರುಗಳನ್ನು ಉರುಳಿಸಿ ತಂದು ಎದುರು ನಿಲ್ಲಿಸಿದರು. ಒಂದರ ಹೆಸರು ಆಲ್ ಟೆರೇನ್, ಎಲ್ಲ ನೆಲಕ್ಕೂ ಸಲ್ಲುವಂಥದ್ದು. ಅದರ ಹಲ್ಲುಗಳು ಒತ್ತೊತ್ತಾಗಿದ್ದವು. ಇನ್ನೊಂದು ಮಡ್ ಟೆರೇನ್, ಕೆಸರಿಗೆಂದೇ ಹುಟ್ಟಿದ್ದು. ಅದರ ಹಲ್ಲುಗಳು ದಪ್ಪ, ನಡುವೆ ಬೆರಳು ಹೋಗುವಷ್ಟು ಸಂದು. ಮೆತ್ತಿದ ಮಣ್ಣು ತಿರುಗುವ ರಭಸಕ್ಕೆ ಹಾರಿಹೋಗಲೆಂದು ಆ ಸಂದು ಬಿಟ್ಟಿದ್ದಾರಂತೆ. ಆದರೆ ಅದೇ ಟೈರು ಡಾಂಬರಿನ ಮೇಲೆ ಗುಂಯ್‌ಗುಡುತ್ತದೆ, ಬೇಗ ಸವೆಯುತ್ತದೆ, ತೊಯ್ದ ರಸ್ತೆಯಲ್ಲಿ ಬ್ರೇಕು ಒತ್ತಿದರೆ ಜಾರಿ ತಡವಾಗಿ ನಿಲ್ಲುತ್ತದೆ. ಎಲ್ಲ ನೆಲದ ಟೈರು ಡಾಂಬರಿನ ಮೇಲೆ ಸಭ್ಯ, ಎರೆಯಲ್ಲಿ ಮಾತ್ರ ಸಂದು ತುಂಬಿ ನುಣ್ಣಗಾಗಿಬಿಡುತ್ತದೆ. ಇನ್ನು ಅಳತೆಯಲ್ಲೇ ದೊಡ್ಡದನ್ನು ಹಾಕಿದರೆ ಗಾಡಿ ಎತ್ತರವಾಗುತ್ತದೆ, ಸ್ಟೇರಿಂಗು ಭಾರವಾಗುತ್ತದೆ, ಪೂರ್ತಿ ತಿರುವಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ. ಎಲ್ಲಕ್ಕಿಂತ ವಿಚಿತ್ರವೆಂದರೆ, ಗಾಡಿ ಎಷ್ಟು ವೇಗದಲ್ಲಿ ಓಡುತ್ತಿದೆಯೋ ಅದಕ್ಕಿಂತ ಕಡಿಮೆಯನ್ನೇ ಮುಳ್ಳು ತೋರಿಸುತ್ತದೆ. ತಾನು ಎಷ್ಟು ದೂರ ಬಂದೆನೆಂಬುದು ಗಾಡಿಗೇ ತಿಳಿಯದ ಸ್ಥಿತಿ. ವಯಸ್ಸಾದಂತೆ ನಮಗೂ ಹೀಗೇ ಆಗುತ್ತದಲ್ಲ ಎಂದುಕೊಂಡೆ.

ಯಾವುದು ಒಳ್ಳೆಯದೆಂದು ಕೇಳಿದೆ.

“ಛಲೋ ಎರಡೂ ಅದಾವ್ರಿ ಸರ,” ಎಂದರು ಇಮಾಮಸಾಬರು. “ನಿಮ್ಮ ಗಾಡಿ ಎಲ್ಲಿ ಓಡತದ ಅದನ್ನ ಹೇಳ್ರಿ, ಆಮ್ಯಾಲ ಮಾತಾಡೂಣು.”

ಪ್ರಶ್ನೆ ಸರಳವೇನೋ ಹೌದು. ನೀವೇ ಯೋಚಿಸಿ ನೋಡಿ. ನಮ್ಮ ಜೀಪು ವರ್ಷದ ಬಹುಪಾಲು ಡಾಂಬರಿನ ಮೇಲೆಯೇ ಓಡುತ್ತದೆ. ವಿಜಯಪುರದಿಂದ ಬಬಲೇಶ್ವರಕ್ಕೆ, ಅಲ್ಲಿಂದ ಮನೆಗೆ, ವಾರಕ್ಕೊಮ್ಮೆ ನನ್ನ ಅವ್ವನನ್ನು ಕರೆದುಕೊಂಡು ಟಿಕೋಟಾದಲ್ಲಿರುವ ಅವಳ ತಂಗಿಯ ಮನೆಗೆ. ಕೆಸರಿನಲ್ಲಿ ಓಡುವುದು ಎಲ್ಲೋ ಕೆಲವು ದಿನ. ಆದರೆ ಗಾಡಿ ಬೇಕೇಬೇಕೆನಿಸುವುದು ಆ ಕೆಲವು ದಿನಗಳಲ್ಲೇ. ಮನುಷ್ಯ ದಿನನಿತ್ಯದ ಬದುಕಿಗೆ ತಕ್ಕಂತೆ ಸಜ್ಜಾಗಬೇಕೋ, ಎಂದೋ ಒಮ್ಮೆ ಬರುವ ಕಷ್ಟಕ್ಕೆ ತಕ್ಕಂತೆಯೋ? ಎರಡಕ್ಕೂ ಸಲ್ಲುವ ಗಾಲಿ ಎರಡಕ್ಕೂ ಅರ್ಧರ್ಧವೇ ಸಲ್ಲುತ್ತದೆ ಎಂದು ಅಂಗಡಿಯಲ್ಲೇ ಕಂಡಿದ್ದೆ.

ಆಮೇಲೆ ನಾನು ಕೇಳದವರಿಲ್ಲ. ಕಳ್ಳಕವಟಗಿಯಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ನನ್ನ ಹೆಂಡತಿಯ ಅಣ್ಣ, ಹಾಕಿದರೆ ದೊಡ್ಡದನ್ನೇ ಹಾಕಬೇಕು, ಇಲ್ಲವಾದರೆ ಸೈಕಲ್ ತೆಗೆದುಕೊಳ್ಳಿರೆಂದು ಫೋನಿನಲ್ಲೇ ತೀರ್ಪು ಕೊಟ್ಟ. ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು, ಗಾಲಿ ಕಿರಿದಾಗಿದ್ದರೆ ಕೆಸರನ್ನು ಸೀಳಿ ಅಡಿಯ ಗಟ್ಟಿ ನೆಲ ಹಿಡಿಯುತ್ತದೆಂದು ಕಾಗದದ ಮೇಲೆ ಬಾಣಗಳನ್ನು ಬರೆದು ತೋರಿಸಿದರು. ಪಕ್ಕದಲ್ಲಿದ್ದ ಇನ್ನೊಬ್ಬರು ಅದೇ ಕಾಗದದ ಮೇಲೆ, ಗಾಲಿ ಅಗಲವಾಗಿದ್ದರೆ ಮುಳುಗದೆ ತೇಲುತ್ತದೆಂದು ಬೇರೆ ಬಾಣಗಳನ್ನು ಬರೆದರು. ನನಗೆ ಇಬ್ಬರೂ ಸರಿಯೆನಿಸಿದರು. ಫೋನಿನಲ್ಲಿ ವಿಡಿಯೊಗಳನ್ನು ನೋಡಿದೆ. ಮರಳುಗಾಡು, ಹಿಮ, ಬಂಡೆ ತುಂಬಿದ ಹೊಳೆ, ಎಲ್ಲವೂ ಇದ್ದವು. ಡೋಣಿಯ ಎರೆಯನ್ನು ಮಾತ್ರ ಯಾರೂ ಪರೀಕ್ಷೆಗೆ ಒಡ್ಡಿರಲಿಲ್ಲ. ಪ್ರತಿ ಸಂಜೆ ಸುಮಂಗಲಾಳಿಗೆ ಇದನ್ನೆಲ್ಲ ವರದಿ ಮಾಡುತ್ತಿದ್ದೆ. ಅವಳು ಊಟದ ತಾಟಿನ ಕಡೆ ನೋಡುತ್ತ ಕೇಳಿಸಿಕೊಂಡು, ನೀವೇ ನೋಡಿ ಎಂದು ಮತ್ತೆ ಅನ್ನುತ್ತಿದ್ದಳು.

ನನ್ನ ಪರದಾಟ ನೋಡಲಾರದೆ ಇಮಾಮಸಾಬರು ಒಂದು ಉಪಾಯ ಹೇಳಿದರು. ಅವರ ಸ್ವಂತ ಜೀಪಿಗೆ ದೊಡ್ಡ ಅಳತೆಯ ಕೆಸರಿನ ಟೈರು ಹಾಕಿಸಿದ್ದರು. ಅದನ್ನು ಒಂದು ಭಾನುವಾರ ನಮಗೆ ಕೊಟ್ಟು, ಓಡಿಸಿ ನೋಡಿ ಬನ್ನಿ ಎಂದರು. ಹಿಂದಿನ ದಿನ ಒಳ್ಳೆಯ ಮಳೆಯೂ ಆಗಿತ್ತು. ಅವ್ವನನ್ನು ಟಿಕೋಟಾಕ್ಕೆ ಬಿಟ್ಟು, ಹಾಗೇ ಬಬಲೇಶ್ವರದ ಮಾರ್ಗವಾಗಿ ಸಾರವಾಡಕ್ಕೆ ಹೋಗುವುದೆಂದು ಹೊರಟೆವು.

ಅವ್ವನ ಮೊಣಕಾಲು ಹಲವು ವರ್ಷದಿಂದ ನೋಯುತ್ತವೆ. ನಮ್ಮ ಜೀಪನ್ನಾದರೆ ಬಾಗಿಲು ಹಿಡಿದು, ದೇವರ ಹೆಸರು ಹೇಳಿ ಹತ್ತಿಬಿಡುತ್ತಾಳೆ. ಈ ಜೀಪಿನ ಮುಂದೆ ಬಂದವಳು ಸೀರೆಯ ನಿರಿಗೆ ಎತ್ತಿ ಹಿಡಿದು, ಮೆಟ್ಟಿಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ಕಾಲು ಎತ್ತಿದಳು, ನಿಲುಕಲಿಲ್ಲ. ಅಡುಗೆಮನೆಯ ಮಣೆ ತಂದಿಟ್ಟೆ, ಆಗಲೂ ನಿಲುಕಲಿಲ್ಲ. ಕೊನೆಗೆ ಸ್ಟೂಲು ತಂದು, ಸುಮಂಗಲಾ ಹಿಂದಿನಿಂದ ಎತ್ತಿ, ನಾನು ಒಳಗಿನಿಂದ ಕೈ ಎಳೆದು ಕೂರಿಸಿದೆವು. ಅವ್ವ ನಕ್ಕಳು, ಆದರೆ ಕಣ್ಣಲ್ಲಿ ನೀರಿತ್ತು. ನೋವಿಗೋ ನಾಚಿಕೆಗೋ ತಿಳಿಯಲಿಲ್ಲ. ದಾರಿಯುದ್ದಕ್ಕೂ ತನ್ನ ತಂಗಿಯ ಮನೆಯ ಏನನ್ನೋ ಹೇಳುತ್ತಿದ್ದಳು. ಗಾಲಿಗಳ ಗುಂಯ್‌ಗಾಟದಲ್ಲಿ ನನಗೆ ಅರ್ಧವೂ ಕೇಳಲಿಲ್ಲ. ಟಿಕೋಟಾದಲ್ಲಿ ಇಳಿದ ಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: “ಗಾಡಿ ಛಲೋ ಐತೆಪ್ಪಾ. ನಿಮ್ಮ ಕೆಲಸಕ್ಕ ಇದ ಬೇಕಾಗಿದ್ರ ಇದನ್ನ ಹಾಕ್ಸ್ರಿ. ನಾ ಬಸ್ಸಿಗೆ ಬರತೇನಿ, ಬಸ್ಸಿನ ಪಾವಟಿಗಿ ನನಗ ರೂಢಿ ಅದಾವ.”

ಮನಸ್ಸಿನಲ್ಲಿ ಆಗಲೇ ಆ ಟೈರನ್ನು ಬೇಡವೆಂದುಬಿಟ್ಟಿದ್ದೆ. ಆದರೆ ಸಾರವಾಡದಾಚೆ ಡಾಂಬರು ಮುಗಿದಾಗ ಅದು ನನ್ನ ತೀರ್ಮಾನವನ್ನು ಸುಳ್ಳು ಮಾಡಿತು. ನಮ್ಮ ಗಾಡಿ ಹೂತ ಜಾಗವನ್ನು ಆ ಜೀಪು ಗುರುಗುಡುತ್ತ, ಮಣ್ಣಿನ ಹೆಂಟೆಗಳನ್ನು ಎರಡೂ ಬದಿಗೆ ತೂರುತ್ತ, ಅತ್ತಿತ್ತ ಓಲಾಡಿದರೂ ನಿಲ್ಲದೆ ದಾಟಿತು. ಸುಮಂಗಲಾಳ ಮುಖ ಗಟ್ಟಿಯಾಗಿತ್ತು. ಶಾಂತವ್ವನ ಅಂಗಳದಲ್ಲಿ ಗಾಡಿ ನಿಲ್ಲಿಸಿ ಅವಳು ಕೆಳಗಿಳಿದಾಗ, ಗೆದ್ದವಳಂತೆ ಕಾಣಬೇಕಿತ್ತು. ಕಾಣಲಿಲ್ಲ.

ಶಾಂತವ್ವ ಚಹಾ ಕೊಟ್ಟಳು, ಎಮ್ಮೆ ತೋರಿಸಿದಳು. ಅದು ಚೆನ್ನಾಗಿ ಮೇಯುತ್ತಿತ್ತು. ಅವಳ ಮೈದುನ ಟೈರುಗಳ ಸುತ್ತ ತಿರುಗಿ ನೋಡಿ ಭೇಷ್ ಎಂದ. ಶಾಂತವ್ವ ಮಾತ್ರ ನಾವು ಬಂದ ದಾರಿಯನ್ನೇ ನೋಡುತ್ತಿದ್ದಳು. ಹಾದಿಯುದ್ದಕ್ಕೂ ಮೊಣಕಾಲು ಮುಳುಗುವಷ್ಟು ಆಳದ ಎರಡು ಗಾಡಿಜಾಡು ಬಿದ್ದು, ಆಗಲೇ ನೀರು ಒಸರತೊಡಗಿತ್ತು.

“ನೀವು ಬಂದದ್ದು ಛಲೋ ಆತ್ರಿ ಅಕ್ಕಾರ,” ಎಂದಳು, ನಗುತ್ತಲೇ. “ಆದ್ರ ನಾಳೆ ಮುಂಜಾನೆ ಹಾಲಿನ ಕ್ಯಾನ್ ಹೊತಗೊಂಡು ನಾ ಇದರಾಗ ಹ್ಯಾಂಗ ನಡೀಲಿ?”

ಬಿಸಿಲು ಬಿದ್ದರೆ ಎಲ್ಲ ಸರಿಹೋಗುತ್ತದೆಂದು ಮೈದುನ ಅವಳನ್ನು ಸುಮ್ಮನಾಗಿಸಿದ. ಸರಿಹೋಗುತ್ತದೆಯೋ, ಒಣಗಿ ಹಾಗೇ ಗಟ್ಟಿಯಾಗುತ್ತದೆಯೋ, ನನಗೆ ಗೊತ್ತಿರಲಿಲ್ಲ. ಒಬ್ಬರು ಬರಲು ಮಾಡಿಕೊಂಡ ದಾರಿ ಇನ್ನೊಬ್ಬರ ದಾರಿಯನ್ನು ಕೆಡಿಸಬಹುದೆಂಬುದು ಯಾವ ಬಾಣದ ಚಿತ್ರದಲ್ಲೂ ಇರಲಿಲ್ಲ.

ಮರಳಿ ಡಾಂಬರು ಮುಟ್ಟಿದ ಮೇಲೆ ಸುಮಂಗಲಾ ಗಾಡಿ ನಿಲ್ಲಿಸಿದಳು. ಇಳಿದು, ಕಡ್ಡಿಯೊಂದರಿಂದ ಚಪ್ಪಲಿಯ ಮಣ್ಣು ಕೆರೆಯುತ್ತ, ನನ್ನ ಕಡೆ ನೋಡದೆ ಹೇಳಿದಳು: “ಆ ಕರು ನಾ ಮನಿ ಬಿಡೂಕಿಂತ ಮೊದಲ ಸತ್ತಿತ್ತು. ಕೈ ಹಾಕಿದ ಕೂಡಲೆ ಗೊತ್ತಾತು, ಭಾಳ ಹೊತ್ತಾಗಿತ್ತು.”

ನಾನೂ ಕೆಳಗಿಳಿದೆ. ಹಾಗಾದರೆ ಈ ಗಾಲಿಗಳೇಕೆ ಬೇಕಾದವೆಂದು ಕೇಳಿದೆ.

“ಗೊತ್ತಿಲ್ರಿ. ಆಕಿ ಬಿಸಿನೀರ ತಂದಿಟ್ಳು, ಒಂದು ಮಾತ ಸುದ್ದಾ ಅನಲಿಲ್ಲ. ಯಾಕ ತಡಾ ಮಾಡಿದ್ರಿ ಅಂತ ಬೈದಿದ್ರ ಹೇಳತಿದ್ನಿ, ತಡಾ ಆಗಿದ್ದಕ್ಕ ಕರು ಸತ್ತಿದ್ದಲ್ಲ ಅಂತ. ಆಕಿ ಕೇಳಲಿಲ್ಲ, ನಾ ಹೇಳಲಿಲ್ಲ. ಏನರೆ ಒಂದು ಬದಲಿ ಮಾಡಬೇಕ ಅನಸ್ತು.”

ಓದುಗ ಮಿತ್ರರೇ, ಇಷ್ಟು ದಿನ ನಾನು ತಡಕಾಡಿದ್ದು ಟೈರಿನ ಪ್ರಶ್ನೆಗಾಗಿ ಎಂದುಕೊಂಡಿದ್ದೆ. ದುಃಖಕ್ಕೂ ಒಂದು ಅಂಗಡಿ ಬೇಕಾಗುತ್ತದೆಯೆಂದು ಯಾರಿಗೆ ಗೊತ್ತಿತ್ತು? ಏನೂ ಮಾಡಲಾಗದ ಕಡೆ ಮನುಷ್ಯ ಏನನ್ನಾದರೂ ಕೊಳ್ಳಲು ಹೊರಡುತ್ತಾನೆ, ಅಳತೆ ಕೇಳುತ್ತಾನೆ, ಹಲ್ಲು ಎಣಿಸುತ್ತಾನೆ. ಇದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಹಳೆಯ ಟೈರುಗಳು ಸವೆದಿದ್ದವು ಎಂಬುದೂ ನಿಜವೇ.

ಮರುದಿನ ಸುಮಂಗಲಾ ಬಬಲೇಶ್ವರಕ್ಕೆ ಹೋಗುವಾಗ ತಾನೇ ಸಾರವಾಡದಲ್ಲಿ ಗಾಡಿ ನಿಲ್ಲಿಸಿ, ನಡೆದು ಹೋಗಿ, ಶಾಂತವ್ವನಿಗೆ ಕರುವಿನ ವಿಷಯ ಹೇಳಿಬಂದಳು. ಶಾಂತವ್ವ ಏನೆಂದಳೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ವಾರ ನಮ್ಮ ಜೀಪಿಗೆ ಎಲ್ಲ ನೆಲಕ್ಕೂ ಸಲ್ಲುವ ಟೈರುಗಳು ಬಂದವು, ಅಳತೆ ಮೊದಲಿನದೇ. ಸುಮಂಗಲಾಳ ಅಣ್ಣ ನಮ್ಮ ಮೇಲಿನ ಆಸೆ ಬಿಟ್ಟ. ಇಮಾಮಸಾಬರು ಇದೂ ಛಲೋ ಎಂದರು, ಇನ್ನೊಂದನ್ನು ಆರಿಸಿದ್ದರೂ ಅದನ್ನೇ ಅನ್ನುತ್ತಿದ್ದರು.

ಹಿಂಗಾರು ಮಳೆ ಹಿಡಿದ ಒಂದು ಮಧ್ಯಾಹ್ನ ಜೈನಾಪುರದಿಂದ ಫೋನು ಬಂತು. ಆಕಳೊಂದು ಬೆಳಗಿನಿಂದ ನರಳುತ್ತಿತ್ತು. ರಜೆಯಿದ್ದುದರಿಂದ ನಾನೂ ಜೊತೆಗೆ ಹೋದೆ. ಹೊಲದ ಹಾದಿಯಲ್ಲಿ ಅಷ್ಟು ದೂರ ಹೋಗುವುದರೊಳಗೆ ಹೊಸ ಗಾಲಿಗಳ ಸಂದುಗಳು ಮಣ್ಣು ತುಂಬಿ ನುಣ್ಣಗಾದವು. ಸುಮಂಗಲಾ ಹಟ ಹಿಡಿಯಲಿಲ್ಲ. ಗಾಡಿ ನಿಲ್ಲಿಸಿ ಚಪ್ಪಲಿ ಬಿಟ್ಟಳು. ಔಷಧದ ಚೀಲ ನಾನು ಹೊತ್ತೆ. ಎರೆಯಲ್ಲಿ ನಡೆದವರಿಗೆ ಗೊತ್ತು, ಹೆಜ್ಜೆಹೆಜ್ಜೆಗೂ ಅಂಗಾಲಿಗೆ ಮಣ್ಣು ಮೆತ್ತಿ ಮನುಷ್ಯ ಎತ್ತರವಾಗುತ್ತ, ಭಾರವಾಗುತ್ತ ಹೋಗುತ್ತಾನೆ. ಎಡವಿ, ನಿಂತು, ಕೆರೆದು ನಾವು ತಲುಪಿದಾಗ ಆಕಳು ತಾನಾಗಿಯೇ ಈದು, ಕರುವನ್ನು ನೆಕ್ಕುತ್ತ ನಿಂತಿತ್ತು. ಮನೆಯ ಯಜಮಾನ ನಮ್ಮ ಕಾಲು ನೋಡಿ ನಾಚಿ, ಸುಮ್ಮನೆ ತ್ರಾಸು ಕೊಟ್ಟೆನೆಂದು ಮತ್ತೆ ಮತ್ತೆ ಅಂದ. ಸುಮಂಗಲಾ ಕೈ ತೊಳೆದು ಆಕಳನ್ನೂ ಕರುವನ್ನೂ ಮುಟ್ಟಿ ಪರೀಕ್ಷಿಸಿದಳು. ಅವಳು ಮಾಡಬೇಕಾದದ್ದು ಏನೂ ಉಳಿದಿರಲಿಲ್ಲ.

ಸಂತೋಷಪಡಬೇಕೋ, ಇಷ್ಟು ದೂರ ಸುಮ್ಮನೆ ಬಂದೆವಲ್ಲ ಅನ್ನಬೇಕೋ ತಿಳಿಯದೆ, ನಾನು ಚೀಲ ಹೆಗಲಿಗೇರಿಸಿ ಹೊರಡೋಣವೇ ಎಂದೆ.

“ನಿಲ್ರಿ,” ಎಂದಳು. “ಎದ್ದ ನಿಂದರತೈತಿ, ನೋಡೂಣು.”

ಕರು ಮುಂಗಾಲು ಊರಿತು, ಜಾರಿತು. ಹಿಂಗಾಲು ಎತ್ತಿತು, ಮತ್ತೆ ಕುಸಿಯಿತು. ತೊಯ್ದ ನೆಲದ ಮೇಲೆ ನಾಲ್ಕು ಪುಟ್ಟ ಗೊರಸುಗಳು ಹಿಡಿತ ಹುಡುಕುತ್ತಿದ್ದವು. ಸುಮಂಗಲಾ ಕೈ ಚಾಚಲಿಲ್ಲ, ಸುಮ್ಮನೆ ನೋಡುತ್ತ ನಿಂತಳು.