ಗಾಯ ಒಣಗುವ ಮೊದಲೇ

ಮೊನ್ನೆ ಮೊಮ್ಮಗಳು ಆಟದಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಬಂದಳು. ಸೊಸೆ ಟಿಂಚರ್ ಶೀಸೆಯ ಮುಚ್ಚಳ ತೆಗೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಹೊರಗಿನ ಕಟ್ಟೆಗೆ ಬಂದು ಕುಳಿತೆ. ಒಂದು ಕಾಲಕ್ಕೆ ನೆರೆಮನೆಯ ಕಾಕಿ ಮಲಗಿದ್ದ ದವಾಖಾನೆಯ ತುಂಬ ಇದೇ ವಾಸನೆ…

ನಾನು ಮದುವೆಯಾಗಿ ಶಹಾಬಾದಿಗೆ ಬಂದದ್ದು ನಿಜಾಮರ ಕಾಲದಲ್ಲಿ, ದೊಡ್ಡ ಯುದ್ಧ ನಡೆದಿದ್ದ ವರ್ಷಗಳಲ್ಲಿ. ನಮ್ಮ ಮನೆಗೂ ಕಾಕಿಯ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಂಡ ಸತ್ತಿದ್ದ, ಎರಡು ಸಣ್ಣ ಮಕ್ಕಳಿದ್ದವು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಕಲ್ಲು ಹೊರುತ್ತಿದ್ದಳು. ಅಂದಿನ ಕೂಲಿಯಲ್ಲಿ ಅಂದಿನ ಜೋಳ. ನನ್ನ ಅತ್ತೆ ಬೈದ ದಿನ ಗೋಡೆಯ ಮೇಲಿಂದ ಇಣುಕಿ, ಅತ್ತೆಯ ಹಾಗೆಯೇ ಮುಖ ಮಾಡಿ ನನ್ನನ್ನು ನಗಿಸುತ್ತಿದ್ದಳು.

ಒಮ್ಮೆ ಕಲ್ಲು ಜಾರಿ ಅವಳ ಪಾದದ ಮೇಲೆ ಬಿತ್ತು. ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಮರುದಿನವೇ ಖಣಿಗೆ ಹೊರಟಳು. ತಡೆದದ್ದಕ್ಕೆ, “ನಾ ಕುಂತ್ರ ಒಲಿ ಹತ್ತಂಗಿಲ್ಲ ಯವ್ವಾ” ಅಂದಳು. ಬಾವು ಮೊಣಕಾಲಿಗೇರಿದಾಗ ನಾನೇ ಹಟ ಹಿಡಿದೆ: “ಹುಡುಗ್ರನ್ನ ನಾ ನೋಡ್ಕೋತೀನಿ, ನೀ ಹೋಗು ಕಾಕಿ.” ನನ್ನ ಗಂಡ ಅವಳನ್ನು ರೈಲಿನಲ್ಲಿ ಗುಲಬರ್ಗಾದ ದೊಡ್ಡ ದವಾಖಾನೆಗೆ ಒಯ್ದರು. ಗಾಯ ಒಣಗುವವರೆಗೆ ಕಾಲು ನೆಲಕ್ಕೆ ಊರಬಾರದು ಎಂದು ಡಾಕ್ಟರ್ ಸಾಹೇಬರು ಹೇಳಿದರಂತೆ.

ಆ ವರ್ಷ ಸರ್ಕಾರದವರು ಕಡ್ಡಾಯದ ಲೆವಿ ಎಂದು ನಮ್ಮ ಜೋಳ ಒಯ್ದಿದ್ದರು. ಧಾನ್ಯ ಹುಗಿದಿಟ್ಟ ಹಗೇವಿನ ತಳ ಕಾಣುತ್ತಿತ್ತು. ಅತ್ತೆ ಕೆಟ್ಟವರಲ್ಲ, ಮೊದಮೊದಲು ತಮ್ಮ ಪಾಲಿನ ರೊಟ್ಟಿಯನ್ನೇ ಆ ಮಕ್ಕಳಿಗೆ ಮುರಿದು ಕೊಟ್ಟರು. ಆಮೇಲೆ ರೊಟ್ಟಿ ಹೋಗಿ ಅಂಬಲಿಯಾಯಿತು, ಅಂಬಲಿ ನೀರಾಯಿತು. ಒಂದು ಮಧ್ಯಾಹ್ನ ನೋಡುತ್ತೇನೆ, ಕಾಕಿಯ ಮಗಳು ಬೀಸುವ ಕಲ್ಲಿನ ಅಂಚಿಗೆ ಕೂತ ಹಿಟ್ಟನ್ನು ನೆಕ್ಕುತ್ತಿದ್ದಳು. ಅಳುತ್ತಿರಲಿಲ್ಲ.

ಮರುದಿನ ಗಂಡನ ಜೊತೆ ದವಾಖಾನೆಗೆ ಹೋದೆ. ಕಾಕಿಯ ಕಾಲಿನ ಬಾವು ಇಳಿದಿತ್ತು. ನನ್ನನ್ನು ಕಂಡು ಮುಖ ಅರಳಿತು.

“ಮಕ್ಕಳು ಹೊಟ್ಟಿತುಂಬ ಉಣ್ಣಲಿಕತ್ತಾವೇನ?”

ಹೂಂ ಅಂದಿದ್ದರೆ ಸಾಕಿತ್ತು. ನನಗೆ ಅಳು ಒತ್ತರಿಸಿ ಬಂತು. “ಮನ್ಯಾಗ ಜ್ವಾಳ ಇಲ್ಲ ಕಾಕಿ. ನಿನ್ನೆ ಹುಡುಗಿ ಬೀಸೋ ಕಲ್ಲು ನೆಕ್ಕಲಿಕತ್ತಿತ್ತು…”

ಅವಳು ಎದ್ದು ಕುಳಿತಳು. ಆಮೇಲೆ ತಲೆದಿಂಬಿನ ಕೆಳಗಿದ್ದ ಸೀರೆ ತೆಗೆದು ಗಂಟು ಕಟ್ಟಿದಳು. ಡಾಕ್ಟರ್ ಸಾಹೇಬರು ಬಂದು ಗದರಿದರು, ಕೊನೆಗೆ ಬೇಡಿಕೊಂಡರು.

“ನಾ ಇಲ್ಲಿ ಮಲಗಿದ್ರ ಅವು ಅಲ್ಲಿ ಮಲಗತಾವ್ರೀ ಸಾಹೇಬ್ರ” ಎಂದಳು ಕಾಕಿ. ನಮ್ಮ ಜೊತೆಗೇ ರೈಲು ಹತ್ತಿದಳು. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಇದ್ದಳು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಮತ್ತೆ ಖಣಿಗೆ ಹೋದಳು. ಮಕ್ಕಳು ರೊಟ್ಟಿ ಉಂಡವು. ಕಾಲಿನ ನಂಜು ಮೈಗೇರಿತು. ಜ್ವರ ಬಂದು, ಮತ್ತೆ ದವಾಖಾನೆಗೆ ಒಯ್ಯಲು ಗಾಡಿ ಹೂಡುವಷ್ಟರಲ್ಲಿ ಜೀವ ಹೋಯಿತು. ಮುಧೋಳದಿಂದ ಅವಳ ತಮ್ಮ ಬಂದು ಮಕ್ಕಳನ್ನು ಕರೆದೊಯ್ದ.

ಎಷ್ಟೋ ವರ್ಷಗಳ ಮೇಲೆ ಆ ಹುಡುಗಿ ಗಂಡನ ಜೊತೆ ನಮ್ಮ ಮನೆ ಹುಡುಕಿಕೊಂಡು ಬಂದಳು. ಕಾಕಿಯದೇ ಅಗಲ ಹಣೆ.

“ನಮ್ಮವ್ವ ದವಾಖಾನಿಂದ ಯಾಕ ಎದ್ದು ಬಂದ್ಲು ಅಕ್ಕಾ?”

“ನಿಮ್ಮ ಮ್ಯಾಲ ಜೀವ ಭಾಳ ಇತ್ತು” ಅಂದೆ. ಅದು ಸುಳ್ಳಲ್ಲ. ಆದರೆ ಕಾಕಿಯನ್ನು ಎಬ್ಬಿಸಿದ ಮಾತು ಯಾರದೆಂದು ಹೇಳಲು ಬಾಯಿ ಬರಲಿಲ್ಲ. ಇನ್ನೊಮ್ಮೆ ಬಂದಾಗ ಹೇಳಿದರಾಯಿತು ಅಂದುಕೊಂಡೆ…

ಅವಳು ಮತ್ತೆ ಬರಲಿಲ್ಲ. ಹೋದ ಬೇಸಿಗೆಯಲ್ಲಿ ತೀರಿಕೊಂಡಳೆಂದು ಸುದ್ದಿ ಬಂತು. ಈಗ ಹೇಳಬೇಕೆಂದರೂ ಅದನ್ನು ಕೇಳಿದವಳೇ ಇಲ್ಲ.